ಮಸ್ಟರಿಗೆ ಬಂದ ಟೀಚರಮ್ಮ

ಬೆಳಿಗ್ಗೆ ಏಳು ಗಂಟೆ. ಗೋಣಿಕೊಪ್ಪಲಿನಿಂದ ಬಂದ ಮೊದಲ ಬಸ್ಸು ಎಸ್ಟೇಟಿನ ಗೇಟಿನೆದುರು ನಿಂತಾಗ ನನ್ನ ಜೊತೆ ಇಳಿಯುವುದು ಒಬ್ಬರೇ. ಹೆಗಲಿಗೆ ಬ್ಯಾಗು, ಕಂಕುಳಲ್ಲಿ ಸುತ್ತಿದ ಚಾರ್ಟು. ಇಳಿದ ಕೂಡಲೇ ಅವರು ಮೊಬೈಲ್ ನೋಡುತ್ತಾರೆ. ರಾತ್ರಿ ಆನೆ ಯಾವ ತೋಟದಲ್ಲಿತ್ತು ಎಂದು ಊರಿನ ಗ್ರೂಪಿನಲ್ಲಿ ಯಾರಾದರೂ ಹಾಕಿರುತ್ತಾರೆ. ಇಂದು ಹೊಳೆಯ ಆಚೆ ಇದೆಯಂತೆ. "ಬನ್ನಿ ಸಾರ್, ಇವತ್ತು ದಾರಿ ನಮ್ದೇ," ಎನ್ನುತ್ತ ಇಪ್ಪತ್ತೊಂದರ ವಿನುತಾ ಸರಸರ ನಡೆಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಏದುಸಿರು ಬಿಡುತ್ತ ಹಿಂದೆ ಹೋಗುತ್ತೇನೆ.

ವಿನುತಾ ಇನ್ನೂ ಟೀಚರ್ ಆಗಿಲ್ಲ. ಶಿಕ್ಷಕರ ತರಬೇತಿಯ ಎರಡನೇ ವರ್ಷದಲ್ಲಿದ್ದಾರೆ, ಇಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಎರಡು ತಿಂಗಳ ಅಭ್ಯಾಸಕ್ಕೆ ಬಂದಿದ್ದಾರೆ. ಒಂದರಿಂದ ಮೂರನೇ ತರಗತಿಯವರೆಗಿನ ಇಪ್ಪತ್ತಮೂರು ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆ ಹಾಕಿ ಕೂರುವ ನಲಿ-ಕಲಿ ತರಗತಿಯಲ್ಲಿ ಸುಲೋಚನಮ್ಮ ಟೀಚರಿಗೆ ನೆರವಾಗುವುದು ಅವರ ಕೆಲಸ. ನೆರವು ಎಂದರೆ ಮೂಗು ಒರೆಸುವುದು, ಪೆನ್ಸಿಲ್ ಚೂಪು ಮಾಡುವುದು, ಹಾಲು ಹಂಚುವುದು, ಮೊಟ್ಟೆ ಸುಲಿಯುವುದು, ಜಗಳ ಬಿಡಿಸುವುದು. ಬಿಡುವಾದರೆ ಪಾಠ. ನಾನು ಕೂತಿದ್ದ ಒಂದು ಗಂಟೆಯಲ್ಲಿ ಹನ್ನೊಂದು ಮಕ್ಕಳು ಕಿರುಬೆರಳು ಎತ್ತಿ ಹೊರಗೆ ಹೋದರು. "ಒಬ್ಬ ಎದ್ದ ಅಂದ್ರೆ ಮುಗೀತು ಸಾರ್, ಎಲ್ರಿಗೂ ಅದೇ ಟೈಮಿಗೆ ಬರುತ್ತೆ," ಎಂದು ವಿನುತಾ ನಗುತ್ತಾರೆ.

ಆದರೆ ಬೆಳಗಿನ ಈ ಎರಡು ಕಿಲೋಮೀಟರ್ ನಡಿಗೆಗೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ. ಅದು ಶುರುವಾದದ್ದು ಅವರೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಮುಚ್ಚಿಡುವ ಜಾಯಮಾನ ಈ ಹುಡುಗಿಯದಲ್ಲ, ಕೇಳುವ ಮೊದಲೇ ಹೇಳಿಬಿಟ್ಟರು.

ವಿನುತಾ ಶನಿವಾರಸಂತೆ ಕಡೆಯವರು. ತಂದೆ ರೇವಣ್ಣನವರಿಗೆ ಮನೆಯ ಹಿಂದೆಯೇ ಒಂದೆಕರೆ ಕಾಫಿ ಇದೆ. ಪಿಯುಸಿ ಗಣಿತದಲ್ಲಿ ಒಮ್ಮೆ ಫೇಲಾಗಿ, ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ, ಮತ್ತೆ ಬರೆದು ಪಾಸಾದವರು. ಅದಕ್ಕೇ ಮಕ್ಕಳಿಗೆ ಲೆಕ್ಕ ಕಲಿಸುವುದೆಂದರೆ ಎಲ್ಲಿಲ್ಲದ ಹುರುಪು. ಬಂದ ಮೂರನೇ ವಾರದಲ್ಲಿ, ನಾಳೆ ಬರುವಾಗ ಎಲ್ಲರೂ ಹತ್ತು ಕಾಫಿ ಹಣ್ಣು ತನ್ನಿ, ಎಣಿಸೋಣ ಎಂದರು. "ನಮ್ಮೂರಲ್ಲಿ ಜೇಬು ತುಂಬ ಹಣ್ಣು ಹಾಕ್ಕೊಂಡೇ ಇಸ್ಕೂಲಿಗೆ ಹೋಗ್ತಿದ್ವಿ ಸಾರ್. ಗಿಡ ನಮ್ದು. ಇಲ್ಲಿನ ಮಕ್ಕಳಿಗೆ ಒಂದು ಗಿಡಾನೂ ಇಲ್ಲ ಅನ್ನೋದು ನನ್ ತಲೆಗೇ ಹೋಗ್ಲಿಲ್ಲ."

ಎಸ್ಟೇಟು ಕೆಲಸಗಾರರಿಗೆ ಕೊಟ್ಟ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿರುವವರಿಗೆ ಸುತ್ತ ಕಾಣುವುದೆಲ್ಲ ಕಾಫಿ, ಆದರೆ ಹಣ್ಣು ಕೊಯ್ಯುವ ಪಿಕಿಂಗ್ ಹೊತ್ತಲ್ಲದೆ ಕೈಯಲ್ಲಿ ಹಣ್ಣು ಕಂಡರೆ ಅದು ಕಳ್ಳತನ. ಎರಡನೇ ತರಗತಿಯ ಚಿನ್ನಿ ಶಾಲೆಗೆ ಹೊರಟವಳು ದಾರಿಯ ಗಿಡದಿಂದ ಹತ್ತು ಹಣ್ಣು ಕಿತ್ತಳು. ಕೆಲಸಗಾರರ ಹಾಜರಿ ಬರೆಯುವ ರೈಟರ್ ಸಾಂತಪ್ಪನವರು ನೋಡಿ, ಹೆಂಗಸರೆಲ್ಲ ಬೆಳಗಿನ ಹಾಜರಿಗೆ ನಿಂತಿದ್ದ ಮಸ್ಟರಿಗೆ ಕರೆದುಕೊಂಡು ಹೋಗಿ ಜೇಬು ಬರಿದು ಮಾಡಿಸಿದರು. "ಟೀಚರ್ ಹೇಳಿದ್ದು," ಎಂದಿತು ಮಗು. ಯಾವ ಟೀಚರಾದರೂ ಕದಿಯಲು ಹೇಳುತ್ತಾರೆಯೇ? ಯಾರೂ ನಂಬಲಿಲ್ಲ. ತಾಯಿ ದೊಡ್ಡಿ ಅಲ್ಲೇ ಎರಡೇಟು ಕೊಟ್ಟರು, ಮರುದಿನದಿಂದ ಶಾಲೆ ಬಿಡಿಸಿದರು.

ದೊಡ್ಡಿಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. "ಕಳ್ಳಿ ಅಂತ ಹೆಸ್ರು ಬಂದ್ರೆ ಕೆಲ್ಸ ಹೋಗ್ತದೆ, ಲೈನ್ ಮನೆಯೂ ಹೋಗ್ತದೆ. ಮತ್ತೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗೋದು?" ಎಂದು ಅವರು ನನ್ನನ್ನೇ ಕೇಳಿದರು.

ಮೂರು ದಿನ ಚಿನ್ನಿ ಬರಲಿಲ್ಲ. ಕಾರಣ ಸುಲೋಚನಮ್ಮ ಟೀಚರಿಗೆ ಬೇರೆ ಮಕ್ಕಳಿಂದ ತಿಳಿಯಿತು. "ಒಂದು ವಾರ ತಪ್ಪಿದ್ರೆ ಆ ಮಗು ಮತ್ತೆ ಬರ್ಲಿಕ್ಕಿಲ್ಲ ವಿನುತಾ, ಪಿಕಿಂಗ್ ಟೈಮಲ್ಲಿ ನಾನು ಎಷ್ಟೋ ನೋಡಿದ್ದುಂಟು," ಎಂದರು. ವಿನುತಾಗೆ ಅಂದು ಊಟ ಸೇರಲಿಲ್ಲ. ವಿಷಯ ಕಾಲೇಜಿಗೆ ಹೋದರೆ ಅಂಕ ಹೋಗುತ್ತದೆ ಎಂದು ಗೆಳತಿಯರು ಹೆದರಿಸಿದರು. ಆದರೂ ಅಧ್ಯಾಪಕರು ಓದುವ ದಿನಚರಿಯಲ್ಲಿ ನಡೆದದ್ದನ್ನೆಲ್ಲ ಬರೆದು, ಬೆಳಿಗ್ಗೆ ಮೊದಲ ಬಸ್ಸು ಹತ್ತಿ ನೇರ ಮಸ್ಟರಿಗೆ ಹೋದರು.

"ಎಲ್ರೂ ನನ್ನೇ ನೋಡ್ತಾ ಇದ್ರು ಸಾರ್. ಮಗು ಸುಳ್ಳು ಹೇಳಿಲ್ಲ, ಹಣ್ಣು ತನ್ನಿ ಅಂತ ಹೇಳಿದ್ದು ನಾನೇ, ಬೈಯೋದಾದ್ರೆ ನನ್ನ ಬೈರಿ ಅಂದೆ." ಸಾಂತಪ್ಪನವರು ಹಾಜರಿ ಪುಸ್ತಕದಿಂದ ತಲೆಯೆತ್ತಿ ನೋಡಿದರಂತೆ. ಆಮೇಲೆ, "ಕಳಿಸಮ್ಮ ಮಗೂನ," ಎಂದು ದೊಡ್ಡಿಯವರಿಗೆ ಹೇಳಿ ಮುಂದಿನ ಹೆಸರು ಕೂಗಿದರು. ದೊಡ್ಡಿಯವರು ಒಪ್ಪಲಿಲ್ಲ. ಮತ್ತೆ ದಾರಿಯಲ್ಲಿ ಏನಾದರೂ ಆದರೆ? ತಾನು ಮಸ್ಟರ್ ಬಿಟ್ಟು ಬರುವಂತಿಲ್ಲ. ಬೇಕಿದ್ದರೆ ನೀವೇ ಬಂದು ಕರೆದುಕೊಂಡು ಹೋಗಿ ಎಂದರು. ವಿನುತಾ ಆಯಿತು ಎಂದರು.

ಮೊದಲ ದಿನ ಚಿನ್ನಿ ಗಿಡ ತಾಗಬಾರದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದಳಂತೆ. ಅದನ್ನು ಹೇಳುವಾಗ ವಿನುತಾ ಕಣ್ಣು ಒರೆಸಿಕೊಂಡರು. ವಾರದೊಳಗೆ ಪಕ್ಕದ ಮನೆಗಳ ಮಕ್ಕಳೂ ಸೇರಿಕೊಂಡರು. ಈಗ ಒಟ್ಟು ಒಂಬತ್ತು. ಇಂದೂ ಅವರ ಸಾಲು ಹರಟುತ್ತ ಹೊರಟಿದೆ. ಚಿನ್ನಿ ಎಲ್ಲರಿಗಿಂತ ಮುಂದೆ ನಡೆಯುತ್ತ ಹಿಂದಿನವರಿಗೆ ಜೋರು ಮಾಡುತ್ತಾಳೆ.

ಶನಿವಾರ ವಿನುತಾ ಅವರ ಎರಡು ತಿಂಗಳು ಮುಗಿಯುತ್ತದೆ. ಆಮೇಲೆ ಪರೀಕ್ಷೆ, ಕೆಲಸದ ಹುಡುಕಾಟ. ಏನು ಆಸೆ ಎಂದು ಕೇಳಿದೆ. "ದೊಡ್ಡ ಆಸೆ ಏನಿಲ್ಲ ಸಾರ್. ಸೋಮವಾರ ಹಾಜರಿ ಕೂಗ್ದಾಗ ಚಿನ್ನಿ ಇರ್ಬೇಕು. ಅಷ್ಟೇ," ಎಂದರು. ಇರುತ್ತಾಳೋ ಇಲ್ಲವೋ ಎಂಬ ಅಳುಕು ಅವರ ಮುಖದಲ್ಲೇ ಇತ್ತು.

ಮಧ್ಯಾಹ್ನ ಲೈನ್ ಮನೆಯ ಹತ್ತಿರ ದೊಡ್ಡಿಯವರು ಸಿಕ್ಕರು. ಟೀಚರ್ ಹೋದ ಮೇಲೆ ಹೇಗೆ ಎಂದು ನಾನೇ ಬಾಯಿ ಬಿಟ್ಟೆ. ಅವರು ತಲೆಯ ಮೇಲಿನ ಹಣ್ಣಿನ ಚೀಲ ಇಳಿಸಿ, ಬೆವರು ಒರೆಸಿಕೊಂಡರು.

"ನನ್ ಮಗಳು ಹೇಳಿದ್ದು ನಿಜ ಅಂತ ಅಷ್ಟು ಜನರ ಎದುರು ಆ ಅಮ್ಮ ಹೇಳಿದ್ರು. ನಾನು ಹೆತ್ತವಳು, ಹೊಡ್ದೆ. ಸೋಮವಾರದಿಂದ ನಾನೇ ಬಿಡ್ತೇನೆ. ಮಸ್ಟರಿಗೆ ಲೇಟಾದ್ರೆ ಆಗ್ಲಿ. ರೈಟರ್ ಕೇಳಿದ್ರೆ, ಮಗೂನ ಇಸ್ಕೂಲಿಗೆ ಬಿಡ್ಲಿಕ್ಕೆ ಹೋಗಿದ್ದೆ ಅಂತ ಎಲ್ರ ಎದುರೇ ಹೇಳ್ತೇನೆ."