ಇಳಕಲ್ಲಿನ ಓಣಿಯಲ್ಲಿ ಎಂಬತ್ತು ಕೈ

ಮಂಗಳವಾರ ಬೆಳಗಿನ ಏಳಕ್ಕೆ ನಾನು ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಇಳಿದೆ. ಧಾರವಾಡದಿಂದ ನನ್ನ ಜೊತೆ ಬಂದದ್ದು ಒಂದು ಟ್ರಂಕು, ಒಂದು ಕೊಡೆ, ಸಾಲೆ ತಪಾಸಣೆಯ ತಖ್ತೆಗಳ ಒಂದು ಕಟ್ಟು. ತಖ್ತೆಯೆಂದರೆ ಗೆರೆ ಹೊಡೆದ ದೊಡ್ಡ ಕಾಗದ. ಎಷ್ಟು ಹುಡುಗರು, ವಯಸ್ಸೆಷ್ಟು, ಜಾತಿ ಯಾವುದು, ತಂದೆಯ ಉದ್ಯೋಗವೇನು, ತರಗತಿ ಯಾವುದು, ಓದು, ಬಾಯಿಲೆಕ್ಕದಲ್ಲಿ ಪಾಸೋ ನಾಪಾಸೋ, ಎಲ್ಲಕ್ಕೂ ಅದರಲ್ಲಿ ಒಂದೊಂದು ಮನೆ. ಒಂದು ಮನೆ ಖಾಲಿ ಉಳಿದರೂ ನನಗೆ ಊಟ ಸೇರುತ್ತಿರಲಿಲ್ಲ. ಇನ್ಸ್‌ಪೆಕ್ಟರನಾಗಿ ಮೂರೇ ತಿಂಗಳಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಹಾಗೆ ನನ್ನ ಕಥೆ.

ನೋಡಬೇಕಾದದ್ದು ಇಳಕಲ್ಲಿನ ನೇಕಾರರ ಓಣಿಯ ಸಾಲೆ. ತಪಾಸಣೆಯ ದಿನ ನಲವತ್ತು ಹುಡುಗರು ಹಾಜರಿಲ್ಲದಿದ್ದರೆ ಅಲ್ಲಿಯ ಎರಡನೆಯ ಮಾಸ್ತರನನ್ನು ತೆಗೆಯಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ಗುರುವಾರ ಬರುತ್ತೇನೆಂದು ಮೊದಲೇ ಕಾಗದ ಬರೆದಿದ್ದೆ.

ಹುಸೇನಸಾಬನ ಎತ್ತಿನ ಗಾಡಿ ಗೊತ್ತಾಯಿತು. ಬಾಡಿಗೆ ಮೂರು ರೂಪಾಯಿ, ಎತ್ತಿನ ಮೇವು ನನ್ನದು.

"ಹನ್ನೆರಡು ಹರದಾರಿ ಐತ್ರಿ ಸಾಹೇಬ್ರ. ಎತ್ತು ಮನಸ್ಸು ಮಾಡಿದ್ರ ನಾಳಿ ಸಂಜಿಗೆ ಮುಟ್ಟತೇವ್ರಿ" ಎಂದ.

ಎತ್ತುಗಳು ಮನಸ್ಸು ಮಾಡಿದವು. ಕೆಟ್ಟದ್ದು ನನ್ನ ಹೊಟ್ಟೆ. ಆ ಸಂಜೆ ಅಮೀನಗಡದಲ್ಲಿ ಇಳಿದಾಗ ಒಬ್ಬ ಮುದುಕ ಕರದಂಟು ಮಾಡಿ ಆರಲಿಟ್ಟಿದ್ದ. ಬೆಲ್ಲ, ಅಂಟು, ಒಣಕೊಬ್ಬರಿ, ತುಪ್ಪ. ರುಚಿ ನೋಡಲೆಂದು ಒಂದು ತುಂಡು ತಿಂದೆ, ರುಚಿ ಖರೆಯೋ ಸುಳ್ಳೋ ನೋಡಲೆಂದು ಇನ್ನೊಂದು ತಿಂದೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ಬುಧವಾರವಿಡೀ ಚರಿಗೆ ಹಿಡಿದು ಬೇಲಿಯ ಆಚೆ ಈಚೆ ಓಡಾಡಿದ್ದೇ ನನ್ನ ಪ್ರವಾಸ. ಗುರುವಾರ ಮಜ್ಜಿಗೆ ಕುಡಿಯುತ್ತ, ನರಳುತ್ತ ಹುನಗುಂದದವರೆಗೆ ಸಾಗಿದೆ. ಇಳಕಲ್ಲಿಗೆ ಮುಟ್ಟಿದ್ದು ಶುಕ್ರವಾರ ಬೆಳಿಗ್ಗೆ.

ಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಟ್ಟೆಯ ಮೇಲೆ ಹಿರಿಯ ಮಾಸ್ತರ ಬಸಪ್ಪನವರೂ ಎರಡನೆಯ ಮಾಸ್ತರ ರಾಮಣ್ಣನೂ ನಿಂತಿದ್ದರು. ರಾಮಣ್ಣ ಮದುವೆಯಾಗಿ ಎರಡು ತಿಂಗಳಾದ ಹುಡುಗ. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕಂಕುಳಲ್ಲಿದ್ದ ತಖ್ತೆಯ ಮೇಲಿತ್ತು.

"ನಿನ್ನಿ ನಲವತ್ತೂ ಮಂದಿ ಸಂಜಿತನಾ ಕುಂತಿದ್ರರಿ" ಎಂದರು ಬಸಪ್ಪನವರು. "ನಿಮ್ಮ ಸಲುವಾಗಿ ಓಣಿಯವ್ರು ಹಾಸು ಹಿಡಿಯೂದು ಒಂದಿನಾ ಮುಂದ ಹಾಕಿದ್ರು. ಇವತ್ತ ಮೋಡಿಲ್ಲ, ಗಾಳಿಲ್ಲ. ಇನ್ನ ತಡಿಯಾಕ ಆಗೂದಿಲ್ಲಂದ್ರು. ಯಾಕ ತಡಾ ಆತ್ರಿ?"

"ಗಾಡಿಯ ಅಚ್ಚು ಮುರಿಯಿತು" ಎಂದೆ.

ಹುಸೇನಸಾಬ ತನ್ನ ಗಟ್ಟಿ ಅಚ್ಚನ್ನು ನೋಡಿದ, ನನ್ನನ್ನು ನೋಡಿದ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಅವನ್ನು ಓಣಿಯುದ್ದಕ್ಕೂ ಬಿಗಿಯಾಗಿ ಚಾಚಿ, ಗಂಜಿ ಸವರಿ, ಕುಂಚದಿಂದ ತಿಕ್ಕಿ ಒಣಗಿಸುತ್ತಾರೆ. ನಾವು ಓಣಿಗೆ ಹೋದಾಗ ದೊಡ್ಡವರು ಕುಂಚ ಎಳೆಯುತ್ತಿದ್ದರು. ಎಳೆಗಳ ನಡುವಿನ ಬಿದಿರ ಕೋಲುಗಳನ್ನು ಹಿಡಿದು ನಿಂತವರು ನಮ್ಮ ಸಾಲೆಯ ಹುಡುಗರು. ಒಬ್ಬ ಕೈಬಿಟ್ಟರೂ ಎಳೆ ಅಂಟಿಕೊಂಡು ಸೀರೆಯೇ ಹಾಳು. ಎಲ್ಲಕ್ಕೂ ಯಜಮಾನಿ ಗಂಗವ್ವನೆಂಬ ಮುದುಕಿ.

"ಪರೀಕ್ಷಾ ಇಲ್ಲೇ ಮಾಡ್ರಿ" ಎಂದಳು. "ಬಾಯಿ ಖಾಲಿ ಅದಾವು, ಕೈ ಅಷ್ಟ ಇಲ್ಲ. ಅದಕ್ಕೂ ಮದ್ಲ ಇಲ್ಲಿ ಬಂದು ನಿಂದರ್ರಿ. ಮೈಬೂನ ಮಗಾ ನಿನ್ನಿ ಸಾಲ್ಯಾಗ ನಿಮ್ಮನ್ನ ಕಾದು ಕಾದು, ಇವತ್ತ ಗುಡೂರಿಗೆ ಮಾವನ ಮನಿಗೆ ಹೋದ. ಒಂದಾಳು ಕಡಿಮಿ ಬಿದ್ದೈತಿ."

ಸರಕಾರಿ ಕೋಟು ತೊಟ್ಟವನಿಗೆ ಹೀಗೆ ಹೇಳಬಹುದೇ ಎಂದು ಯೋಚಿಸುವಷ್ಟರಲ್ಲಿ ಕೋಲು ನನ್ನ ಕೈಯಲ್ಲಿತ್ತು.

ಓದಿನ ಪರೀಕ್ಷೆಗೆ ರಾಮಣ್ಣ ಪುಸ್ತಕವನ್ನು ಒಬ್ಬೊಬ್ಬರ ಮೂಗಿನೆದುರು ಹಿಡಿದು ಓಣಿಯುದ್ದಕ್ಕೂ ನಡೆದ. ಹುಡುಗರು ತಡವರಿಸದೆ ಓದಿದರು. ಜಾತಿವಾರು ಬೇರೆ ಬೇರೆ ನಿಲ್ಲಿಸಿರೆಂದು ನಾನು ಹೇಳಿದೆ.

"ಎತ್ತರಾ ನೋಡಿ ನಿಲ್ಲಿಸೇವ್ರಿ. ಜಾತಿ ನೋಡಿ ನಿಲ್ಲಿಸಿದ್ರ ಹಾಸು ಡೊಂಕಾಕ್ಕೈತಿ" ಎಂದಳು ಗಂಗವ್ವ.

ಬಾಯಿಲೆಕ್ಕಕ್ಕೆ ಮಗ್ಗಿ ಹೇಳಿಸಿದೆ. ಓಣಿಯೆಲ್ಲ ಒಂದೇ ದನಿಯಲ್ಲಿ ಎತ್ತಿಕೊಂಡಿತು. ಕುಂಚಗಳೂ ಅದೇ ತಾಳಕ್ಕೆ ಓಡಿದವು. ಹುರುಪಿನಲ್ಲಿ ನಾನೂ ದನಿಗೂಡಿಸಿದೆ. ಹತ್ತೊಂಬತ್ತೇಳಲೆ ಬಂದಾಗ ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಗಟ್ಟಿಯಾಗಿ, ತಪ್ಪು ಹೇಳಿದೆ. ಕುಂಚಗಳು ನಿಂತುಬಿಟ್ಟವು.

"ಮಾಸ್ತರ, ಇವ್ರನ್ನ ಒಂದ ತಿಂಗಳಾ ಇಲ್ಲೇ ಇಟ್ಕೋರಿ" ಎಂದಳು ಗಂಗವ್ವ. ಎಪ್ಪತ್ತು ವರ್ಷದ ಮುದುಕರೂ ನಾಲ್ಕು ವರ್ಷದ ಕೂಸುಗಳೂ ಒಟ್ಟಿಗೆ ನಕ್ಕರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ನಗು ಬಂತು.

ಕೊನೆಗೆ ಹಾಜರಿ. ಎಳೆಗಳ ಹಿಂದೆ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ, ಕೋಲು ಹಿಡಿದ ಕೈಗಳಷ್ಟೇ ಕಾಣುತ್ತಿದ್ದವು. ಗಂಜಿ ಮೆತ್ತಿಕೊಂಡು ಎಲ್ಲವೂ ಒಂದೇ ಬಣ್ಣ. ಕುಂಚದ ಕೈಗಳನ್ನು ಬಿಟ್ಟು ಈ ಕೊನೆಯಿಂದ ಆ ಕೊನೆಯವರೆಗೆ ಎಣಿಸಿದೆ. ಎಂಬತ್ತು. ಅರ್ಧ ಮಾಡಿ, "ನಲವತ್ತು ಹಾಜರು" ಎಂದು ಕೂಗಿದೆ. ರಾಮಣ್ಣ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು.

ಹಾಸು ಒಣಗಿದ ಮೇಲೆ ಬಸಪ್ಪನವರು ಬಂದವರ ಹೆಸರು, ವಯಸ್ಸು, ಜಾತಿ, ತಂದೆಯ ಉದ್ಯೋಗಗಳನ್ನು ಬರೆದ ಯಾದಿ ಕೊಟ್ಟರು. ಅದನ್ನು ತಖ್ತೆಗೆ ಇಳಿಸಲು ಕುಳಿತದ್ದು ಭಾನುವಾರ, ಬಾಗಲಕೋಟೆಯ ಸ್ಟೇಶನ್ನಿನ ಬೆಂಚಿನ ಮೇಲೆ. ಹೆಸರುಗಳು ಮೂವತ್ತೊಂಬತ್ತೇ ಆದವು. ಮೂರು ಸಲ ಎಣಿಸಿದೆ. ಆಗ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಗಂಜಿ ಕಣ್ಣಿಗೆ ಬಿತ್ತು. ಆ ಎಂಬತ್ತರಲ್ಲಿ ಎರಡು ಕೈ ನನ್ನವೇ.

ಮೈಬೂನ ಮಗ ಗುರುವಾರ ಸಂಜೆಯವರೆಗೆ ನನಗಾಗಿ ಕಾದಿದ್ದ. ಅವನು ಇಲ್ಲದಂತಾದದ್ದು ನನ್ನ ಕರದಂಟಿನಿಂದ. ಅದಕ್ಕೆ ರಾಮಣ್ಣನ ಹೆಂಡತಿ ಏಕೆ ಅಳಬೇಕು?

ದೌತಿಯಲ್ಲಿ ಲೆಕ್ಕಣಿಕೆ ಅದ್ದಿ ನಲವತ್ತನೆಯ ಸಾಲಿನಲ್ಲಿ ನನ್ನದೇ ಹೆಸರು ಬರೆದೆ. ತರಗತಿ, ಬಿನ್ನಿಯತ್ತೆ, ಅಂದರೆ ಒಂದನೆಯದಕ್ಕಿಂತಲೂ ಕೆಳಗಿನದು. ತಂದೆಯ ಉದ್ಯೋಗ, ಕುಲಕರ್ಣಿಕೆ. ಓದು, ಪಾಸು. ಬಾಯಿಲೆಕ್ಕ, ನಾಪಾಸು. ವಯಸ್ಸಿನ ಮನೆಯೊಂದನ್ನು ಮಾತ್ರ ಖಾಲಿ ಬಿಟ್ಟು ಸಹಿ ಹಾಕಿದೆ. ಆಮೇಲೆ ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಊಟ ಮಾಡಿದೆ.