ಬೆಂಚು ಬೆಂಚೇ ಎದ್ದು ನಿಂತಿತು

ಇಸ್ತ್ರಿ ಅಂಗಡಿಯವಳ ಮಗಳಿಗೆ ಮನೆಯಲ್ಲೂ ಬೀದಿಯಲ್ಲೂ ಕಿಡಿ ಎಂದೇ ಹೆಸರು. ಯಾರಾದರೂ ಒಂದು ಮಾತು ಅಂದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಸಾಕುವ ಹುಡುಗಿ.

ಹೈಸ್ಕೂಲು ಪರೀಕ್ಷೆಯಲ್ಲಿ ಅವಳು ಒಳ್ಳೆಯ ಅಂಕ ತೆಗೆದಳು. ಅವಳೊಬ್ಬಳೇ ಅಲ್ಲ, ಇಡೀ ಶಾಲೆಯೇ ಪಾಸು. ಹೆಡ್‌ಮಾಸ್ಟರರ ಫೋಟೊ ಪೇಪರಿನಲ್ಲಿ ಬಂತು. ಪರೀಕ್ಷೆಯ ದಿನ ಬಾಗಿಲು ಹಾಕಿಸಿ, ಬೋರ್ಡಿನ ಮೇಲೆ ಉತ್ತರ ಬರೆಸಿದವರು ಅವರೇ. ಮಕ್ಕಳಿಗೆ ಆಗ ಅದು ಉಪಕಾರದ ಹಾಗೇ ಕಂಡಿತ್ತು.

ಕಾಲೇಜು ಸೇರಿದ ಮೊದಲ ವಾರವೇ ರಸಾಯನಶಾಸ್ತ್ರದ ಮೇಡಂ ಅವಳನ್ನು ಎಬ್ಬಿಸಿ ಒಂದು ಪ್ಯಾರಾ ಓದಿಸಿದರು. ಕಿಡಿ ತಡವರಿಸಿದಳು. ಹಿಂದಿನಿಂದ ಕಿಸಕ್ಕನೆ ನಗು ಬಂತು. ಮೇಡಂ ಬಯ್ಯಲಿಲ್ಲ, ಬ್ರಿಡ್ಜ್ ಕೋರ್ಸಿಗೆ ಹೋಗು ಎಂದಷ್ಟೇ ಹೇಳಿದರು. ಹೈಸ್ಕೂಲು ಮುಗಿಸಿಯೂ ಕಾಲೇಜಿನ ಪಾಠ ತಲೆಗೆ ಹತ್ತದವರಿಗಾಗಿ ಸರ್ಕಾರ ನಡೆಸುತ್ತಿದ್ದ ಸಂಜೆ ತರಗತಿ ಅದು. ಹೋಗಿ ನೋಡಿದರೆ ಅಲ್ಲಿ ಮುಕ್ಕಾಲುಪಾಲು ಅವಳ ಶಾಲೆಯವರೇ. ಆವತ್ತು ಅಂಗಡಿಯಲ್ಲಿ ಶರಟು ಮಡಿಸುತ್ತ, ಆ ಮನುಷ್ಯ ನಮ್ಮನ್ನು ಮಾರಿಕೊಂಡು ಹೆಸರು ಮಾಡಿದ ಎಂದಳು. ನಾಲಿಗೆ ಬಿಗಿಹಿಡಿ ಎಂದು ಅಮ್ಮ ಗದರಿದಳು.

ಕಿಡಿ ಭಾಗಾಕಾರದಿಂದ ಶುರುಮಾಡಿ ಹಲ್ಲು ಕಚ್ಚಿ ಕಲಿತಳು. ಬೇಸರವಾದಾಗ ಪೇಪರಿನ ಆ ಫೋಟೊ ನೆನೆಸಿಕೊಂಡರೆ ಸಾಕು, ತೂಕಡಿಕೆ ಹಾರಿಹೋಗುತ್ತಿತ್ತು.

ಅಷ್ಟರಲ್ಲಿ, ನಿವೃತ್ತರಾಗಿದ್ದ ಅದೇ ಹೆಡ್‌ಮಾಸ್ಟರರನ್ನು ಕೋರ್ಸಿನ ಮೇಲ್ವಿಚಾರಕರಾಗಿ ನೇಮಿಸಿದ ಸುದ್ದಿ ಬಂತು. ಕಿಡಿ ತನ್ನ ಶಾಲೆಯವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು, ನಾನು ಎದ್ದಾಗ ನೀವೂ ಏಳಬೇಕು ಎಂದು ಒಪ್ಪಿಸಿದಳು.

ಹೆಡ್‌ಮಾಸ್ಟರರು ಶಿಕ್ಷಣಾಧಿಕಾರಿಯ ಜೊತೆ ತರಗತಿಗೆ ಬಂದು ಭಾಷಣ ಶುರುಮಾಡಿದರು.

"ನನ್ನ ಶಾಲೇಲಿ ಒಬ್ಬರೂ ಫೇಲಾಗ್ಲಿಲ್ಲ. ಇಲ್ಲೂ ಹಾಗೇ ಮಾಡ್ತೀನಿ."

ಕಿಡಿ ಎದ್ದಳು. ಅವಳ ಹಿಂದೆ ಬೆಂಚು ಬೆಂಚೇ ಎದ್ದು ನಿಂತಿತು.

"ನಿಮ್ಮ ಶಾಲೇಲಿ ಫೇಲಾಗದೇ ಇರೋರು ನಾವೇ ಸರ್. ಯಾಕೆ ಇಲ್ಲಿ ಕೂತಿದ್ದೀವಿ ಅಂತ ಸಾಹೇಬ್ರಿಗೆ ನೀವೇ ಹೇಳಿ."

ಅಧಿಕಾರಿ ಕೇಳಿದಾಗ ಬೋರ್ಡಿನ ಕಥೆಯನ್ನು ಕಿಡಿಯೇ ಹೇಳಿದಳು. ಹುಡುಗಿ ಸುಳ್ಳು ಹೇಳುತ್ತಾಳೆ ಎಂದು ಹೆಡ್‌ಮಾಸ್ಟರರು ಹಾರಾಡಿದರು. ಉಳಿದವರೂ ಬಾಯಿ ಬಿಟ್ಟರು. ನೇಮಕ ರದ್ದಾಗಿ ವಿಚಾರಣೆ ಶುರುವಾಯಿತು.

ಒಂದು ಮಧ್ಯಾಹ್ನ ಹೆಡ್‌ಮಾಸ್ಟರರು ಇಸ್ತ್ರಿ ಅಂಗಡಿಗೇ ಬಂದರು. ತಪ್ಪು ತಿಳಿದುಕೊಂಡಿದ್ದೆ ಎಂದು ವಿಚಾರಣೆಯಲ್ಲಿ ಮಗಳಿಂದ ಒಂದು ಮಾತು ಹೇಳಿಸಿ, ನನ್ನ ಮರ್ಯಾದೆ ಉಳಿಯುತ್ತದೆ ಎಂದು ಅಮ್ಮನನ್ನು ಬೇಡಿಕೊಂಡರು. ಅಮ್ಮ ಕರಗಿಹೋಗಿ, ವಯಸ್ಸಾದವರು, ಹೋಗಲಿ ಬಿಡೇ ಎನ್ನುತ್ತ ಸ್ಟೂಲು ಎಳೆದಳು. ಕಿಡಿ ಅದನ್ನು ಕಾಲಲ್ಲೇ ತಡೆದಳು.

"ಓದಕ್ಕೆ ಬರ್ದೆ ಕ್ಲಾಸಲ್ಲಿ ನಿಂತಾಗ ನಂಗೂ ಹಿಂಗೇ ಆಗಿತ್ತು ಸರ್. ಇನ್ನೊಂಚೂರು ನಿಂತಿರಿ."

ಅವರು ಸ್ವಲ್ಪ ಹೊತ್ತು ನಿಂತಿದ್ದು, ಕರವಸ್ತ್ರದಿಂದ ಮುಖ ಒರೆಸಿಕೊಂಡು ಹೊರಟುಹೋದರು. ಆವತ್ತಿಡೀ ಅಮ್ಮ ಮಗಳ ಜೊತೆ ಮಾತು ಬಿಟ್ಟಳು. ಮಗಳು ಹೊಟ್ಟೆ ತುಂಬ ಉಂಡಳು.

ಈಗ ಕಿಡಿ ಕೋರ್ಸು ಮುಗಿಸಿ ಕಾಲೇಜಿನ ಪಾಠವನ್ನು ತಡವರಿಸದೆ ಓದುತ್ತಾಳೆ. ಹೆಡ್‌ಮಾಸ್ಟರರು ಎದುರು ಸಿಕ್ಕರೆ ಬೀದಿಯ ಆಚೆ ಬದಿಗೆ ಸರಿಯುತ್ತಾರೆ. ಅವಳು ನಿಂತು, ಅವರು ಮರೆಯಾಗುವ ತನಕ ದಿಟ್ಟಿಸುತ್ತಾಳೆ. ಇನ್ನಾದರೂ ಸಾಕು ಮಾಡು ಎಂದು ಅಮ್ಮ ಹೇಳಿದರೆ, ಇನ್ನೂ ಸಾಕಾಗಿಲ್ಲ ಎನ್ನುತ್ತಾಳೆ.