ಸುಳಿಯ ಕೆಳಗಿನ ಟಿಕ್ ಟಿಕ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಾಗರ ಸಂಶೋಧನಾ ಪ್ರಯೋಗಾಲಯವೊಂದರಲ್ಲಿ ಕಿರಿಯ ವಿಜ್ಞಾನಿ. ಸಮುದ್ರದಲ್ಲಿ ಹತ್ತಾರು ಮೈಲಿ ಅಗಲದ ಸುಳಿಗಳು ತಿರುಗುತ್ತವೆ. ಬೆಚ್ಚನೆಯ ನೀರನ್ನೂ ತಣ್ಣನೆಯ ನೀರನ್ನೂ ಅದಲುಬದಲು ಮಾಡಿ, ನೀರೊಳಗಿನ ಸದ್ದಿನ ದಾರಿಯನ್ನೇ ಬಗ್ಗಿಸುತ್ತವೆ. ಅದನ್ನು ಅಳೆಯುವುದು ನಮ್ಮ ಕೆಲಸ. ಹಡಗು ಹತ್ತುವ ಮೊದಲು ಉಪಕರಣಗಳನ್ನು ಪರೀಕ್ಷಿಸಲು, ಬೇಸಿಗೆಯಲ್ಲಿ ಹುಕ್ಕೇರಿ ತಾಲೂಕಿನ ಘಟಪ್ರಭಾ ಜಲಾಶಯಕ್ಕೆ ಬಂದಿದ್ದೆವು. ನಾನು ಗೋಕಾಕದವನು, ನಮ್ಮೂರ ನೀರು ನನಗೇನು ಮಾಡೀತು ಎಂಬ ಜಂಬವಿತ್ತು.

ಮುಳುಗುಗಾರ ಶಿವಪ್ಪನೂ ಗೋಕಾಕದವನೇ. ಸಮುದ್ರ ಅಳೆಯುವ ಸಾಹೇಬರು ಕಡೆಗೆ ನಮ್ಮ ಹೊಳೆಗೇ ಬಂದಿರಲ್ಲ ಎಂದು ಕಿಚಾಯಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಪಿಂಗರ್, ಅಂದರೆ ಬಿಡದೆ ಟಿಕ್ ಟಿಕ್ ಎನ್ನುವ ಪುಟ್ಟ ಯಂತ್ರ, ಕಟ್ಟಿಕೊಂಡು ಇಳಿದ. ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನನ್ನು ದೋಣಿಯಿಂದ ಇಳಿಬಿಟ್ಟು ನಾನು ಕೇಳುತ್ತಿದ್ದೆ. ಅವನ ಹಗ್ಗ ಅಣ್ಣ ರಾಮಪ್ಪನ ಕೈಯಲ್ಲಿತ್ತು. ಬಂಡೆಯ ಮಗ್ಗುಲಲ್ಲಿ ನೀರು ಸುಳಿ ತಿರುಗುತ್ತಿತ್ತು. ನಮಗೆ ಬೇಕಾಗಿದ್ದೂ ಅದೇ.

ಒಮ್ಮೆಲೇ ಟಿಕ್ ಟಿಕ್ ನಿಂತಿತು. ರಾಮಪ್ಪ ಎಳೆದರೆ ತುಂಡಾದ ಹಗ್ಗ ಬಂತು. ದೋಣಿಯ ಹಿಂಬದಿಯಲ್ಲಿ ಕುಳಿತಿದ್ದ ನಮ್ಮ ತಂಡದ ಮುಖ್ಯಸ್ಥರು ಎಂಜಿನ್ ಚಾಲೂ ಮಾಡಿ ಸುತ್ತಲೂ ಹುಡುಕೋಣ ಎಂದರು.

ರಾಮಪ್ಪ ನನ್ನ ತೋಳು ಹಿಡಿದ. "ಸಾಹೇಬ್ರ, ನನ್ನ ತಮ್ಮ ಅದಾನೋ ಇಲ್ಲೋ, ಅಷ್ಟ ಹೇಳ್ರಿ."

ಘಟಪ್ರಭೆಯಲ್ಲಿ ಈಜು ಕಲಿಯುವಾಗ ನಮಗೆಲ್ಲ ಹಿರಿಯರು ಹೇಳಿಕೊಟ್ಟ ಮಾತೊಂದಿದೆ: ಸುಳಿ ಹಿಡಿದರೆ ಮೇಲಕ್ಕೆ ಗುದ್ದಾಡಬೇಡ, ತಳಕ್ಕೆ ಹೋಗಿ ಬದಿಗೆ ಸರಿ. ಶಿವಪ್ಪ ಹಾಗೆ ಮಾಡಿದ್ದರೆ ತಳದ ತಣ್ಣೀರಿನಲ್ಲಿ ಇದ್ದಾನೆ. ಅಲ್ಲಿಯ ಸದ್ದು ಮೇಲಿನ ಬೆಚ್ಚನೆಯ ಪದರ ದಾಟದೆ ಕೆಳಕ್ಕೇ ಬಾಗುತ್ತದೆ. ನನ್ನ ಹೈಡ್ರೋಫೋನ್ ಇದ್ದದ್ದು ಮೇಲೆ. ಎಂಜಿನ್ ಹಾಕಿದರೆ ಏನೂ ಕೇಳಿಸದು ಎಂದು ಮುಖ್ಯಸ್ಥರಿಗೆ ಕೈಮುಗಿದು, ತಂತಿಯನ್ನು ಪೂರ್ತಿ ಕೆಳಗೆ ಬಿಟ್ಟೆ.

ಟಿಕ್. ಟಿಕ್.

"ಅದಾನ," ಎಂದೆ. ಅಂದ ಕೂಡಲೇ ಹೆದರಿಕೆ ಇಮ್ಮಡಿಯಾಯಿತು. ಅದು ಯಂತ್ರದ ಸದ್ದು, ಉಸಿರಿನದಲ್ಲ. ಹೆಣದ ಸೊಂಟದಲ್ಲೂ ಪಿಂಗರ್ ಹಾಗೇ ಬಡಿಯುತ್ತದೆ. ಇದನ್ನು ರಾಮಪ್ಪನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿತ್ತು. ಮುಖ್ಯಸ್ಥರ ಕೈ ಎಂಜಿನ್ ಮೇಲೇ ಇತ್ತು.

ಸದ್ದು ಜೋರಾಯಿತು. ಇನ್ನೂ ಜೋರಾಯಿತು. ತೇಲುವ ಹೆಣ ಇಷ್ಟು ಬೇಗ ಬರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ದೋಣಿಯ ಹಿಂಭಾಗ ಅಲ್ಲಾಡಿತು. ಬಗ್ಗಿ ನೋಡಿದರೆ, ಶಿವಪ್ಪ ನೀರೊಳಗಿನ ಎಂಜಿನ್ ಪಂಖಾದ ರೆಕ್ಕೆಯನ್ನೇ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

"ಅಣ್ಣಾ, ಕೈ ಕೊಡು."

ಮುಳುಗಿದ್ದ ಮರಕ್ಕೆ ಹಗ್ಗ ಸಿಕ್ಕಿಕೊಂಡಿತ್ತಂತೆ; ಅದನ್ನು ಕೊಯ್ದು, ತಳ ಹಿಡಿದು ಸುಳಿಯಿಂದ ಹೊರಬಂದಿದ್ದ. ಮುಖ್ಯಸ್ಥರು ಎಂಜಿನ್ ಮೇಲಿಂದ ಕೈ ತೆಗೆದು, ಮುಖ ಮುಚ್ಚಿಕೊಂಡು ಕುಳಿತರು.

ಆಮೇಲೆ ಎಷ್ಟೋ ಸಮುದ್ರದ ಸುಳಿಗಳನ್ನು ಅಳೆದೆ. ಸದ್ದು ನಿಂತರೆ ಮನುಷ್ಯ ಹೋದನೆಂದು ತಿಳಿಯುವ ಮೊದಲು ಕಿವಿ ಇಟ್ಟ ಜಾಗ ಬದಲಿಸಬೇಕು ಎಂಬುದನ್ನು ಕೆಲಸ ಕಲಿಸಿತು. ಆದರೂ ಇವತ್ತಿಗೂ ಯಾವ ದೋಣಿಯ ಎಂಜಿನ್ ಚಾಲೂ ಆಗುವುದಿದ್ದರೂ, ಮೊದಲು ಬಗ್ಗಿ ಪಂಖಾದ ಕಡೆ ನೋಡುತ್ತೇನೆ.